ಟ್ರ್ಯಾಕ್ ಡೇಗೆ ಟೋ ಹುಕ್: ಮೊದಲು ಬೀಮ್ ನೋಡಿ, ಆಮೇಲೆ ಹುಕ್ ಕೊಳ್ಳಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿಗೋ ಟ್ರ್ಯಾಕ್ ಡೇಗೆ, ಅಂದರೆ ಸ್ಪರ್ಧೆಯಿಲ್ಲದೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ತಮ್ಮ ಕಾರು ಓಡಿಸಿಕೊಂಡು ಹೋಗುವವರು ಟೈರು, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ವಿಷಯದಲ್ಲಿ ಈಗ ಬಹಳ ತಯಾರಾಗಿಯೇ ಹೊರಡುತ್ತಾರೆ. ಎಡವುವುದು ಟೋ ಹುಕ್ಕಿನಲ್ಲಿ, ಅಂದರೆ ಸಿಕ್ಕಿಬಿದ್ದ ಕಾರನ್ನು ಹಗ್ಗ ಹಾಕಿ ಎಳೆಯಲು ಇರುವ ಕೊಕ್ಕೆಯಲ್ಲಿ. ಬೆಳಗ್ಗೆ ತಪಾಸಣೆಯ ಸಾಲಿನಲ್ಲಿ ನಿಂತಾಗ ಅಧಿಕಾರಿ ಹುಕ್ ಹಿಡಿದು ಒಮ್ಮೆ ಅಲುಗಾಡಿಸುತ್ತಾರೆ, ಅದು ಬಂಪರ್ ಸಮೇತ ಅಲುಗಾಡುತ್ತದೆ, ಕಾರು ಪಕ್ಕಕ್ಕೆ ಸರಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಎಂದರೆ ತಪಾಸಣೆ ದಾಟಿದ ಹುಕ್ಕು ಕಾರು ಟ್ರ್ಯಾಕಿನ ಪಕ್ಕದ ಜಲ್ಲಿಯಲ್ಲಿ ಹೂತು ಕುಳಿತಾಗ ಹಗ್ಗದ ಜೊತೆ ಕಿತ್ತು ಬರುವುದು.

ನನಗೆ ಬರುವ ಚಿತ್ರಗಳಲ್ಲಿ ಕಾಣುವ ತಪ್ಪುಗಳು ಮೂರೇ ಬಗೆಯವು. ಬಂಪರ್ ಪ್ಲಾಸ್ಟಿಕ್ಕಿಗೆ ಎರಡು ಸ್ಕ್ರೂ ಹೊಡೆದು ಕೂರಿಸಿದ ಅಲಂಕಾರದ ಹುಕ್ಕು. ರೇಡಿಯೇಟರ್ ಹಿಡಿದಿರುವ ತೆಳು ತಗಡಿಗೆ ಬೋಲ್ಟ್ ಮಾಡಿದ ಹುಕ್ಕು. ಥ್ರೆಡ್ ಹೊಂದದೆ ಎರಡೇ ಸುತ್ತು ಕೂತ ಹುಕ್ಕು. ಮೂರಕ್ಕೂ ಕಾರಣ ಒಂದೇ: ಕೆಂಪು ಬಣ್ಣದ ಹುಕ್ಕನ್ನು ಆನ್‌ಲೈನ್‌ನಲ್ಲಿ ಮೊದಲು ತರಿಸಿ, ಅದನ್ನು ಎಲ್ಲಿ ಸಿಕ್ಕಿಸುವುದು ಎಂದು ಆಮೇಲೆ ಹುಡುಕಿದ್ದು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಹುಕ್ಕಿನ ಬಗೆ ಆರಿಸುವುದು ಮೂರನೇ ಹಂತದಲ್ಲಿ, ತಿರುಗಿಸಿ ಕೂರಿಸುವ ಹುಕ್ಕಿನ ಖರೀದಿ ಐದನೇ ಹಂತದಲ್ಲಿ ಅಳತೆ ತೆಗೆದ ಮೇಲೆ, ಅದಕ್ಕೂ ಮೊದಲು ಬೇಡ.

ಹಂತ 1: ಟ್ರ್ಯಾಕಿನವರು ಏನು ಕೇಳುತ್ತಾರೆ ಎಂದು ಓದಿ

ಪ್ರತಿ ಟ್ರ್ಯಾಕ್ ಡೇಯ ಆಯೋಜಕರು ತಮ್ಮದೇ ನಿಯಮಪಟ್ಟಿ ಕಳುಹಿಸುತ್ತಾರೆ. ಅದರಲ್ಲಿ ಟೋ ಹುಕ್ ಬಗ್ಗೆ ಇರುವ ಸಾಲುಗಳನ್ನು ಗುರುತು ಹಾಕಿಕೊಳ್ಳಿ. ಮುಂದೆ ಮಾತ್ರ ಸಾಕೇ, ಹಿಂದೆಯೂ ಬೇಕೇ? ಕಾರಿನ ಜೊತೆ ಬಂದ ಹುಕ್ಕು ನಡೆಯುತ್ತದೆಯೇ? ಬಟ್ಟೆಯ ಪಟ್ಟಿ ಒಪ್ಪುತ್ತಾರೆಯೇ? ಈ ಮೂರಕ್ಕೆ ಉತ್ತರ ಅಲ್ಲಿ ಸಿಗದಿದ್ದರೆ ಫೋನ್ ಮಾಡಿ ಕೇಳಿ.

ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮದಲ್ಲಿ ಸ್ಪರ್ಧೆಯ ಕಾರಿಗೆ ಮುಂದೆ ಒಂದು, ಹಿಂದೆ ಒಂದು ಹುಕ್ಕು ಇರಬೇಕು, ಅದು ಕಣ್ಣಿಗೆ ಚೆನ್ನಾಗಿ ಕಾಣಬೇಕು, ಹಳದಿ, ಕೆಂಪು ಅಥವಾ ಕಿತ್ತಳೆ ಬಣ್ಣದಲ್ಲಿರಬೇಕು ಎಂದಿದೆ. ಟ್ರ್ಯಾಕ್ ಡೇ ಸ್ಪರ್ಧೆಯಲ್ಲ, ಆದರೂ ಈ ಅಳತೆಗೆ ಹೊಂದುವಂತೆ ಮಾಡಿಕೊಂಡರೆ ಎಲ್ಲಿಗೆ ಹೋದರೂ ತಕರಾರು ಬರುವುದಿಲ್ಲ. ಹುಕ್ಕಿನ ಕಣ್ಣಿನ ಒಳ ಅಗಲ 50 ಮಿಲಿಮೀಟರ್ ಆದರೂ ಇರಲಿ. ಕೈಗವಸು ಹಾಕಿದ ಮಾರ್ಷಲ್ (ಟ್ರ್ಯಾಕಿನ ಸುರಕ್ಷತಾ ಸಿಬ್ಬಂದಿ) ದಪ್ಪ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಒಂದನ್ನು ಅದರೊಳಗೆ ತೂರಿಸಬೇಕು, ಅದೂ ಪಕ್ಕದಲ್ಲಿ ಬೇರೆ ಕಾರುಗಳು ಓಡುತ್ತಿರುವಾಗ. ಕಾರಿನಡಿಗೆ ಮಲಗಿ ಹುಡುಕಬೇಕಾದ ಹುಕ್ಕು ಅವರ ಪಾಲಿಗೆ ಇಲ್ಲದ ಹುಕ್ಕೇ.

ಹಂತ 2: ನಿಮ್ಮ ಕಾರಿನಲ್ಲಿ ಈಗಾಗಲೇ ಏನಿದೆ ಎಂದು ಪತ್ತೆ ಮಾಡಿ

ಈ ಹಂತಕ್ಕೆ ಅರ್ಧ ದಿನ ಹಿಡಿದರೂ ಚಿಂತೆಯಿಲ್ಲ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಡಿಕ್ಕಿಯ ನೆಲಹಾಸು ಎತ್ತಿ ಸ್ಟೆಪ್ನಿಯ ಬಳಿ ಜ್ಯಾಕ್, ಪಾನಾ ಇಟ್ಟಿರುವ ಚೀಲ ತೆಗೆಯಿರಿ. ಒಂದು ತುದಿಯಲ್ಲಿ ಉಂಗುರ, ಇನ್ನೊಂದು ತುದಿಯಲ್ಲಿ ದಪ್ಪ ಥ್ರೆಡ್ ಇರುವ ಕಬ್ಬಿಣದ ತುಂಡು ಅಲ್ಲಿದ್ದರೆ ನಿಮ್ಮ ಕಾರಿಗೆ ತಿರುಗಿಸಿ ಕೂರಿಸುವ ಹುಕ್ಕಿನ ವ್ಯವಸ್ಥೆ ಇದೆ ಎಂದರ್ಥ. ಬಂಪರಿನ ಮೇಲೆ ಅಂಗೈಗಿಂತ ಚಿಕ್ಕದಾದ ಚೌಕ ಅಥವಾ ದುಂಡು ಮುಚ್ಚಳ ಕಾಣುತ್ತದೆ. ಅದನ್ನು ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಒಳಗೆ ಥ್ರೆಡ್ ಇರುವ ಕೊಳವೆ ಇರುತ್ತದೆ. ಈ ಕೊಳವೆಯನ್ನು ಕಂಪನಿಯವರು ಪ್ಲಾಸ್ಟಿಕ್ಕಿನ ಹಿಂದೆ ಅಡ್ಡಕ್ಕಿರುವ ಗಟ್ಟಿ ತೊಲೆಯಾದ ಬಂಪರ್ ಬೀಮ್‌ಗೋ ಚಾಸಿಯ ಉದ್ದ ತೊಲೆಗೋ ಬೆಸೆದಿರುತ್ತಾರೆ. ಹುಕ್ಕು ಕೂರಿಸಲು ಇದಕ್ಕಿಂತ ಒಳ್ಳೆಯ ಜಾಗ ಕಾರಿನಲ್ಲಿ ಇನ್ನೊಂದಿಲ್ಲ.

ಆ ತುಂಡು ಇಲ್ಲದಿದ್ದರೆ ಕಾರನ್ನು ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಇಳಿಸಿ, ಅಡಿಗೆ ಟಾರ್ಚ್ ಹಿಡಿದು ನೋಡಿ. ಬರಿ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಹಾಕಬೇಡಿ. ಹಳೆಯ ಸಣ್ಣ ಕಾರುಗಳಲ್ಲಿ ಬಂಪರಿನ ಕೆಳಗೆ ಬೆಸೆದ ಕಬ್ಬಿಣದ ಬಳೆ ಇರುತ್ತದೆ. ಇಲ್ಲೊಂದು ಎಚ್ಚರಿಕೆ: ಅಡಿಯಲ್ಲಿ ಕಾಣುವ ಬಳೆಗಳೆಲ್ಲ ಎಳೆಯಲು ಇರುವುದಲ್ಲ. ಲಾರಿಯ ಮೇಲೆ ಹೊಸ ಕಾರು ಸಾಗಿಸುವಾಗ ಕೆಳಕ್ಕೆ ಬಿಗಿದು ಕಟ್ಟಲು ಕೊಟ್ಟ ಕೊಕ್ಕೆಗಳೂ ಅಲ್ಲಿರುತ್ತವೆ. ಅವು ಕೆಳಮುಖದ ಹಿಡಿತಕ್ಕೆ ಮಾಡಿದವು, ಮುಂದಕ್ಕೆ ಎಳೆದರೆ ಮಡಚಿಕೊಳ್ಳುತ್ತವೆ. ಯಾವುದು ಯಾವುದು ಎಂಬುದು ಕಾರಿನ ಜೊತೆ ಬಂದ ಕೈಪಿಡಿಯಲ್ಲಿ, ಕಾರು ಎಳೆಯುವುದರ ಬಗೆಗಿನ ಪುಟದಲ್ಲಿ, ಚಿತ್ರ ಸಮೇತ ಇರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ಬಹುತೇಕ ಕಂಪನಿಗಳ ಜಾಲತಾಣದಲ್ಲಿ ಸಿಗುತ್ತದೆ.

ಎಳೆಯಲು ಎಂದಿಗೂ ಬಳಸಬಾರದ ಜಾಗಗಳು: ಸಸ್ಪೆನ್ಷನ್ ಆರ್ಮ್, ಸ್ಟೀರಿಂಗ್ ರಾಡ್, ಸೈಲೆನ್ಸರ್ ತೂಗುಹಾಕಿದ ಕೊಕ್ಕೆ, ರೇಡಿಯೇಟರ್ ಚೌಕಟ್ಟು, ಬಂಪರಿನ ಪ್ಲಾಸ್ಟಿಕ್. ಕೆಸರಿನಲ್ಲಿ ಸಿಕ್ಕ ಕಾರಿನ ಸಸ್ಪೆನ್ಷನ್ ಆರ್ಮ್‌ಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸುವ ಅಭ್ಯಾಸ ನಮ್ಮ ತೋಟದ ದಾರಿಗಳಲ್ಲಿ ಇದೆ. ಹಾಗೆ ಎಳೆಸಿದ ಕಾರಿನ ಚಕ್ರದ ಜೋಡಣೆ ತಪ್ಪಿರುತ್ತದೆ. ಅದೇ ಕಾರನ್ನು ಟ್ರ್ಯಾಕಿಗೆ ಒಯ್ಯುವುದಾದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಹಂತ 3: ಹುಕ್ಕಿನ ಬಗೆ ಆರಿಸಿ

ಕೊಳವೆ ಇರುವ ಕಾರಿಗೆ ತಿರುಗಿಸಿ ಕೂರಿಸುವ ಉಕ್ಕಿನ ಹುಕ್ಕು. ಅದರಲ್ಲಿ ಉಂಗುರ ಮಡಚುವಂಥದ್ದು ಒಳ್ಳೆಯದು. ಕೊಳವೆ ಇಲ್ಲದ ಕಾರಿಗೆ ಬೀಮ್‌ಗೆ ಬೋಲ್ಟ್ ಮಾಡಿದ ಪಾಲಿಯೆಸ್ಟರ್ ಪಟ್ಟಿ. ನನ್ನ ಆಯ್ಕೆ ಇಷ್ಟೇ.

ಪಟ್ಟಿಯನ್ನು ಕಂಡರೆ ನಮ್ಮ ಹುಡುಗರಿಗೆ ಸಸಾರ, ಬಟ್ಟೆ ಏನು ತಡೆಯುತ್ತದೆ ಎನ್ನುತ್ತಾರೆ. ಕ್ರೇನಿನವರು ಭಾರ ಎತ್ತುವುದು ಇದೇ ಬಗೆಯ ಪಟ್ಟಿಯಲ್ಲಿ. ಇದಕ್ಕೆ ಎರಡು ಅನುಕೂಲಗಳಿವೆ. ಎಳೆಯುವ ದಿಕ್ಕಿಗೆ ತಾನೇ ತಿರುಗಿಕೊಳ್ಳುತ್ತದೆ. ಇನ್ನೊಂದು ಕಾರಿಗೋ ಮನುಷ್ಯರಿಗೋ ತಾಗಿದರೆ ಚುಚ್ಚುವುದಿಲ್ಲ. ಕೊಳ್ಳುವಾಗ ಪಟ್ಟಿಯ ಮೇಲೆ ಹೊಲಿದ ಲೇಬಲ್ಲಿನಲ್ಲಿ ಭಾರದ ಮಿತಿ ಮುದ್ರಿಸಿದೆಯೇ ನೋಡಿ. ಲೇಬಲ್ ಇಲ್ಲದ ಪಟ್ಟಿ ಚೀಲದ ಹಿಡಿಕೆಗೆ ಲಾಯಕ್ಕು.

ಹೊಳೆಯುವ ಬಣ್ಣದ ಅಗ್ಗದ ಅಲ್ಯುಮಿನಿಯಂ ಹುಕ್ಕುಗಳನ್ನು ಬಿಡಿ. ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯುಮಿನಿಯಂ ಬಾಗುವ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಹತ್ತು ಬಗೆಯ ಥ್ರೆಡ್ಡಿಗೆ ಹತ್ತು ಅಡಾಪ್ಟರ್ ಕೊಟ್ಟು ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಸೆಟ್ಟುಗಳನ್ನೂ ನಾನು ನೆಚ್ಚುವುದಿಲ್ಲ. ಒಂದು ಜೋಡಣೆಯ ಬದಲು ಎರಡಾಗುತ್ತದೆ, ಸಡಿಲವಾಗುವ ಜಾಗವೂ ಎರಡಾಗುತ್ತದೆ.

ಉದ್ದದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ. 8.8 ದರ್ಜೆಯ (ಬೋಲ್ಟಿನ ಶಕ್ತಿ ಸೂಚಿಸುವ ಅಂಕಿ) ಉಕ್ಕಿನ 16 ಮಿಲಿಮೀಟರ್ ದಂಡ ನೇರ ಎಳೆತಕ್ಕೆ ಸುಮಾರು 9 ಟನ್ ತಡೆಯುತ್ತದೆ. ಅದೇ ದಂಡ ಬಂಪರಿನಿಂದ 100 ಮಿಲಿಮೀಟರ್ ಹೊರಗೆ ಚಾಚಿಕೊಂಡಿದ್ದು, ತುದಿಯನ್ನು ಅಡ್ಡಡ್ಡ ಬರಿ 500 ಕಿಲೋ ಬಲದಿಂದ ಎಳೆದರೆ ಬುಡದಲ್ಲಿ ಬಾಗುತ್ತದೆ. ಹಾಗಾಗಿ ಶ್ಯಾಕಲ್ ತೂರುವಷ್ಟು ಹೊರಗೆ ಬಂದರೆ ಸಾಕು. ಉಂಗುರ ಮಾತ್ರ ಬಂಪರಿನ ಹೊರಗಿದ್ದು, ದಂಡದ ಭುಜ (ಥ್ರೆಡ್ ಮುಗಿಯುವಲ್ಲಿನ ದಪ್ಪ ಅಂಚು) ಕೊಳವೆಯ ಬಾಯಿಗೆ ಒತ್ತಿ ಕುಳಿತಿರಬೇಕು. ಭುಜವೇ ಇಲ್ಲದ, ಪೂರ್ತಿ ಥ್ರೆಡ್ ಇರುವ ದಂಡ ಬೇಡ.

ಹಂತ 4: ಸಾಮಾನು ಜೋಡಿಸಿಕೊಳ್ಳಿ

ಜ್ಯಾಕ್ ಮತ್ತು ಎರಡು ಸ್ಟ್ಯಾಂಡ್, 10ರಿಂದ 19 ನಂಬರಿನ ಸಾಕೆಟ್ಟುಗಳು, ನಕ್ಷತ್ರ ತಲೆಯ ಬಿಟ್ಟುಗಳು, ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಸಾಧನ, ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜ್, ಟಾರ್ಕ್ ರೆಂಚ್ (ಬಿಗಿತ ಅಳೆದು ತೋರಿಸುವ ಪಾನಾ), ತುಕ್ಕು ಬಿಡಿಸುವ ಎಣ್ಣೆ, ಹಲ್ಲುಜ್ಜುವ ಹಳೆಯ ಬ್ರಷ್, ಹೊಸ ಬೋಲ್ಟ್, ಲಾಕ್ ನಟ್, ವಾಷರ್, ಬಣ್ಣದ ಮಾರ್ಕರ್. ಬಂಪರಿನ ಕ್ಲಿಪ್ಪುಗಳು ಹಳೆಯ ಕಾರಿನಲ್ಲಿ ಒಂದೆರಡಾದರೂ ಮುರಿಯುತ್ತವೆ. ಹೊಸ ಹತ್ತು ತಂದಿಟ್ಟುಕೊಳ್ಳಿ.

ಟಾರ್ಕ್ ರೆಂಚ್ ಇಲ್ಲದವರು ಸ್ವಂತಕ್ಕೆ ಕೊಳ್ಳಲೇಬೇಕೆಂದಿಲ್ಲ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಪರಿಚಯದ ಗ್ಯಾರೇಜಿದ್ದರೆ ಕೊನೆಯ ಬಿಗಿತಕ್ಕೆ ಅಲ್ಲಿಗೆ ಹೋಗಿ. ಬೋಲ್ಟನ್ನು ಮಾತ್ರ ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿರುವುದನ್ನೇ ಆರಿಸಿ ತನ್ನಿ. ತಲೆ ನುಣ್ಣಗಿರುವ ಬೋಲ್ಟು ಗೇಟಿನ ಬಾಗಿಲಿಗೆ ಆಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ತುಕ್ಕು ಹಿಡಿಯುವುದಿಲ್ಲ ಎಂದು ಮಳೆನಾಡಿನವರು ಅದರ ಕಡೆ ವಾಲುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿನ ಶಕ್ತಿ 8.8ಕ್ಕಿಂತ ಕಡಿಮೆ. ಸತುವಿನ ಲೇಪವಿರುವ 8.8 ಬೋಲ್ಟು ತನ್ನಿ, ಎರಡು ಮಳೆಗಾಲಕ್ಕೊಮ್ಮೆ ಬದಲಿಸಿ.

ಹಂತ 5: ಕೊಳವೆ ಇರುವ ಕಾರು: ತೊಳೆಯಿರಿ, ಅಳೆಯಿರಿ, ತಿರುಗಿಸಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ದಾರಿಯಲ್ಲಿ ಓಡಾಡುವ ಕಾರಿನ ಮುಂದಿನ ಕೊಳವೆಯ ಮುಚ್ಚಳ ತೆಗೆದರೆ ಮೊದಲು ಕಾಣುವುದು ಕೆಂಪು ಮಣ್ಣು. ಥ್ರೆಡ್ಡಿನ ಸಂದಿಗಳಲ್ಲಿ ಅದು ಒಣಗಿ, ತುಕ್ಕಿನೊಂದಿಗೆ ಸೇರಿ, ಉಗುರಿನಿಂದ ಕೆರೆದರೂ ಏಳದ ಕಂದು ಪದರವಾಗಿರುತ್ತದೆ. ಅದರ ಮೇಲೆಯೇ ಹುಕ್ಕು ತಿರುಗಿಸಲು ಹೋದರೆ ಎರಡು ಸುತ್ತಿಗೆ ಬಿಗಿಯುತ್ತದೆ, ಪೂರ್ತಿ ಕೂತಿತೆಂದು ನೀವು ನಂಬುತ್ತೀರಿ. ಎರಡು ಸುತ್ತಿನ ಹಿಡಿತದಲ್ಲಿರುವ ಹುಕ್ಕು ಮೊದಲ ಎಳೆತಕ್ಕೇ ಥ್ರೆಡ್ ಕಿತ್ತುಕೊಂಡು ಬರುತ್ತದೆ.

ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಬೆಳಗ್ಗೆ ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆಸಿ, ಬಟ್ಟೆಯಿಂದ ಒರೆಸಿ. ಬಟ್ಟೆಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ.

ಈಗ ಕಾರಿನ ಜೊತೆ ಬಂದ ಮೂಲ ಹುಕ್ಕನ್ನು ಬರಿಗೈಯಿಂದ ತಿರುಗಿಸಿ ನೋಡಿ. ಸ್ಪ್ಯಾನರ್ ಮುಟ್ಟಬೇಡಿ. ತಡೆಯಿಲ್ಲದೆ ಕೊನೆಯವರೆಗೆ ಹೋದರೆ ಕೊಳವೆ ಸರಿಯಿದೆ. ಎಷ್ಟು ಸುತ್ತು ಹೋಯಿತು ಎಣಿಸಿಡಿ, ಹೊಸ ಹುಕ್ಕೂ ಅಷ್ಟೇ ಸುತ್ತು ಹೋಗಬೇಕು. ಪೋಲೊ ಸೇರಿದಂತೆ ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಈ ಥ್ರೆಡ್ ಎಡಗೈಯದು, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಗಿಯುತ್ತದೆ. ಇದು ತಿಳಿಯದೆ ಬಲಕ್ಕೆ ಒತ್ತಿ ತಿರುಗಿಸಿ ಥ್ರೆಡ್ ಹಾಳುಮಾಡಿದ ಕಾರುಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ.

ಮೂಲ ಹುಕ್ಕಿನ ಥ್ರೆಡ್ಡಿನ ಹೊರ ವ್ಯಾಸವನ್ನು ಕ್ಯಾಲಿಪರಿನಿಂದ, ಹಲ್ಲುಗಳ ಅಂತರವನ್ನು ಥ್ರೆಡ್ ಗೇಜಿನಿಂದ ಅಳೆದು ಬರೆದಿಡಿ. ಎಡವೋ ಬಲವೋ ಎಂಬುದನ್ನೂ ಬರೆಯಿರಿ. ಈ ಮೂರು ವಿವರ ಕೈಯಲ್ಲಿದ್ದಾಗ ಮಾತ್ರ ಹೊಸ ಹುಕ್ಕನ್ನು ಆರ್ಡರ್ ಮಾಡಿ. ವ್ಯಾಸ ಹೊಂದಿ, ಹಲ್ಲಿನ ಅಂತರ ಅರ್ಧ ಮಿಲಿಮೀಟರ್ ತಪ್ಪಿದರೂ ಹುಕ್ಕು ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಸಿಗದಿದ್ದರೆ ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕಡೆಯ ಲೇತ್ ಕೆಲಸದವರಲ್ಲಿ ಮೂಲ ಹುಕ್ಕನ್ನೇ ಮಾದರಿಯಾಗಿ ಕೊಟ್ಟು ಮಾಡಿಸಬಹುದು. ಆದರೆ ಉಕ್ಕಿನ ದರ್ಜೆಯನ್ನು ನೀವೇ ಹೇಳಬೇಕು. ಮೃದು ಕಬ್ಬಿಣದ ಸರಳಿನಲ್ಲಿ ಕಡೆದ ಹುಕ್ಕು ನೋಡಲು ಅದೇ ಥರ ಇರುತ್ತದೆ, ಶಕ್ತಿಯಲ್ಲಿ ಅರ್ಧಕ್ಕೂ ಕಡಿಮೆ. ಉಂಗುರವನ್ನು ದಂಡಕ್ಕೆ ಬೆಸೆದು ಕೊಡುತ್ತೇನೆ ಎಂದರೆ ಬೇಡ ಎನ್ನಿ.

ಹೊಸ ಹುಕ್ಕು ಬಂದ ಮೇಲೆ ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಹಚ್ಚಿ ಕೈಯಿಂದಲೇ ಕೂರಿಸಿ. ಒಳಗೆ ಹೋದ ಥ್ರೆಡ್ಡಿನ ಉದ್ದ ಅದರ ವ್ಯಾಸಕ್ಕಿಂತ ಕಡಿಮೆಯಿರಬಾರದು. 18 ಮಿಲಿಮೀಟರ್ ದಂಡವಾದರೆ ಕನಿಷ್ಠ 18 ಮಿಲಿಮೀಟರ್ ಒಳಗಿರಬೇಕು. ಭುಜ ತಾಗಿದ ನಂತರ ಚಕ್ರದ ಪಾನಾವನ್ನು ಉಂಗುರದೊಳಗೆ ಅಡ್ಡ ತೂರಿಸಿ ಗಟ್ಟಿಯಾಗುವಷ್ಟು ಬಿಗಿಯಿರಿ. ಮಡಚುವ ಉಂಗುರವಾದರೆ ಉಂಗುರಕ್ಕೆ ಹಾಗೆ ಬಲ ಕೊಡಬೇಡಿ, ದಂಡದ ಮೇಲಿನ ಚಪ್ಪಟೆ ಮುಖಕ್ಕೆ ಸ್ಪ್ಯಾನರ್ ಹಾಕಿ.

ಹಂತ 6: ಕೊಳವೆ ಇಲ್ಲದ ಕಾರು: ಬಂಪರ್ ಬಿಚ್ಚಿ ಬೀಮ್‌ಗೆ ಬೋಲ್ಟ್ ಮಾಡಿ

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಐದು ನಿಮಿಷ ಬಿಟ್ಟು ಕೆಲಸ ಶುರುಮಾಡಿ. ಏರ್‌ಬ್ಯಾಗಿನ ಸೆನ್ಸರ್ ಮುಂಭಾಗದಲ್ಲೇ ಇರುತ್ತದೆ, ಅದರ ಆಸುಪಾಸು ಸುತ್ತಿಗೆ ಆಡಿಸಬೇಡಿ. ಚಕ್ರದ ಕಮಾನಿನೊಳಗಿನ ಸ್ಕ್ರೂ ಮೊದಲು, ಅಡಿಯ ಕ್ಲಿಪ್ಪುಗಳು ನಂತರ, ಮೇಲಿನವು ಕೊನೆಗೆ. ಬಂಪರ್ ಸಡಿಲವಾದ ಕೂಡಲೇ ಎಳೆಯಬೇಡಿ, ಫಾಗ್ ಲ್ಯಾಂಪಿನ ತಂತಿ ಒಳಗೆ ಇನ್ನೂ ಸಿಕ್ಕಿಸಿಯೇ ಇರುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಜಾಗದ ಹೆಸರು ಬರೆದ ಲೋಟಗಳಲ್ಲಿ ಹಾಕಿಡಿ.

ಈಗ ಅಡ್ಡಕ್ಕೆ ಒಂದು ಗಟ್ಟಿ ಬೀಮ್, ಅದರ ಎರಡು ತುದಿಯಲ್ಲಿ ಡಬ್ಬಿಯಂಥ ತುಂಡುಗಳು ಕಾಣುತ್ತವೆ. ಆ ಡಬ್ಬಿಗಳು ಡಿಕ್ಕಿಯಾದಾಗ ಮಡಚಿಕೊಂಡು ಒಳಗಿರುವವರನ್ನು ಉಳಿಸಲು ಇರುವವು. ಅವಕ್ಕೆ ತೂತು ಕೊರೆಯಬಾರದು, ಏನನ್ನೂ ಬೆಸೆಯಬಾರದು. ಬೀಮ್‌ನಲ್ಲಿ ಕಂಪನಿಯೇ ಬಿಟ್ಟಿರುವ ತೂತುಗಳು ಅಥವಾ ಬೀಮ್ ಚಾಸಿಗೆ ಸೇರುವಲ್ಲಿನ ಬೋಲ್ಟುಗಳನ್ನು ಬಳಸಿ. ಚಾಸಿಯ ತೊಲೆಗೆ ಹತ್ತಿರದ ತೂತು ಉತ್ತಮ. ಬೀಮ್‌ನ ನಟ್ಟನಡುವೆ ಎಳೆದರೆ ಅದು ಬಿಲ್ಲಿನಂತೆ ಬಾಗುತ್ತದೆ.

ಇಲ್ಲಿ ಪ್ರತಿ ಗ್ಯಾರೇಜಿನಲ್ಲೂ ಒಂದು ಮಾತು ಕೇಳಿಬರುತ್ತದೆ: "ಇದಕ್ಕೆಲ್ಲ ಇಷ್ಟು ತಲೆ ಯಾಕೆ ಮಾರಾಯರೇ, ಎರಡು ಟಾಕು ವೆಲ್ಡಿಂಗ್ ಹೊಡೆದು ಕೊಡುತ್ತೇನೆ." ಒಪ್ಪಬೇಡಿ. ಈಗಿನ ಬೀಮ್‌ಗಳು ಹೆಚ್ಚಾಗಿ ಶಾಖ ಕೊಟ್ಟು ಗಟ್ಟಿಮಾಡಿದ ಉಕ್ಕಿನವು. ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನ ಸುತ್ತಲಿನ ಪಟ್ಟಿಯಲ್ಲಿ ಇಳಿದುಹೋಗುತ್ತದೆ. ಹುಕ್ಕೂ ಸಡಿಲ, ಅಪಘಾತದಲ್ಲಿ ಬೀಮ್ ಕೂಡ ಬಲಹೀನ. ಕೆಲವು ಕಾರುಗಳ ಬೀಮ್ ಅಲ್ಯುಮಿನಿಯಂನದು, ಅದಕ್ಕಂತೂ ಮಾಮೂಲಿ ವೆಲ್ಡಿಂಗ್ ಹಿಡಿಯುವುದೇ ಇಲ್ಲ. ಆಯಸ್ಕಾಂತ ಹಿಡಿದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಪಟ್ಟಿಯ ಬುಡವನ್ನು ಎರಡು ಉಕ್ಕಿನ ಫಲಕಗಳ ನಡುವೆ ಇಡಿ. ಬೀಮ್‌ನ ಹಿಂಬದಿಗೂ 5 ಮಿಲಿಮೀಟರ್ ದಪ್ಪದ, ಕನಿಷ್ಠ ಬೆಂಕಿಪೊಟ್ಟಣದಷ್ಟು ಅಗಲದ ಫಲಕ ಕೊಡಿ. ಬೀಮ್‌ನ ತಗಡು ಒಂದೆರಡು ಮಿಲಿಮೀಟರ್ ದಪ್ಪವಷ್ಟೇ. ಫಲಕ ಇಲ್ಲದೆ ಬರಿ ವಾಷರ್ ಹಾಕಿದರೆ ಬೋಲ್ಟು ಮುರಿಯುವ ಮೊದಲೇ ವಾಷರ್ ತಗಡಿನೊಳಗಿಂದ ತೂರಿ ಬರುತ್ತದೆ. ಫಲಕದ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಅದೇ ಪಟ್ಟಿಯನ್ನು ಕೊಯ್ಯುತ್ತದೆ.

8.8 ದರ್ಜೆಯ 10 ಮಿಲಿಮೀಟರ್ ಬೋಲ್ಟು ಶಾಶ್ವತವಾಗಿ ಹಿಗ್ಗದೆ ಸುಮಾರು 3.5 ಟನ್, 12 ಮಿಲಿಮೀಟರಿನದು ಸುಮಾರು 5 ಟನ್ ಎಳೆತ ತಡೆಯುತ್ತದೆ. ನಾನು 12 ಮಿಲಿಮೀಟರನ್ನೇ ಹೇಳುತ್ತೇನೆ. ಒಣ ಥ್ರೆಡ್ಡಿಗೆ 10 ಮಿಲಿಮೀಟರ್ ಬೋಲ್ಟಿಗೆ 45 ನ್ಯೂಟನ್ ಮೀಟರ್, 12ಕ್ಕೆ 80 ನ್ಯೂಟನ್ ಮೀಟರ್ ಹತ್ತಿರ ಬಿಗಿಯಿರಿ. ಎಣ್ಣೆ ಬಿದ್ದ ಥ್ರೆಡ್ಡಿಗೆ ಅದೇ ಅಂಕಿ ಕೊಟ್ಟರೆ ಬೋಲ್ಟು ಅಗತ್ಯಕ್ಕಿಂತ ಹೆಚ್ಚು ಹಿಗ್ಗುತ್ತದೆ, ಆದ್ದರಿಂದ ಮೊದಲು ಒರೆಸಿ. ಕಂಪನಿಯ ಬೋಲ್ಟು ಬಿಚ್ಚಿ ಹಾಕಿದ್ದರೆ ಅದಕ್ಕೆ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಬಿಗಿದ ಮೇಲೆ ನಟ್ಟಿನಿಂದ ಫಲಕದವರೆಗೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಒಡೆದು ಎರಡಾಗಿ ಕಂಡರೆ ನಟ್ಟು ತಿರುಗಿದೆ ಎಂದು ತಿಳಿಯುತ್ತದೆ.

ಬಂಪರ್ ಮತ್ತೆ ಹಾಕುವಾಗ ಪಟ್ಟಿಯನ್ನು ಕೆಳಗಿನ ಜಾಲರಿಯಿಂದ ಹೊರಗೆ ತನ್ನಿ. ಪ್ಲಾಸ್ಟಿಕ್ಕಿನ ಚೂಪು ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ರೇಡಿಯೇಟರಿಗೆ ಉಜ್ಜುತ್ತಿಲ್ಲ ತಾನೇ ಎಂದು ಕೈ ಹಾಕಿ ನೋಡಿ.

ಹಂತ 7: ಹಿಂದಿನ ಹುಕ್ಕು

ಕ್ರಮ ಅದೇ. ಪಾರ್ಕಿಂಗ್ ಸೆನ್ಸರಿನ ಎದುರಿಗೆ ಹುಕ್ಕು ಬಂದರೆ ಅದು ದಿನವಿಡೀ ಕೂಗುತ್ತದೆ, ನಂಬರ್ ಪ್ಲೇಟಿಗೆ ಅಡ್ಡ ಬಂದರೆ ಪೊಲೀಸರು ಕೂಗುತ್ತಾರೆ. ಸೈಲೆನ್ಸರಿನ ಬಾಯಿಯಿಂದ ಬಟ್ಟೆಯ ಪಟ್ಟಿಯನ್ನು ದೂರವಿಡಿ, ಪಾಲಿಯೆಸ್ಟರ್ ಶಾಖಕ್ಕೆ ಕರಗುತ್ತದೆ. ಜಲ್ಲಿಗೆ ಮೂತಿ ನುಗ್ಗಿಸಿ ನಿಂತ ಕಾರನ್ನು ಹಿಂದಿನಿಂದಲೇ ಎಳೆಯಬೇಕಾಗುತ್ತದೆ. ಮುಂದಿನದನ್ನು ಮಾತ್ರ ಹಾಕಿಸಿ ಕೈತೊಳೆದುಕೊಳ್ಳುವವರು ಇದನ್ನು ಮರೆಯುತ್ತಾರೆ.

ಹಂತ 8: ಗುರುತು ಹಾಕಿ

ಹುಕ್ಕು ಹಳದಿ, ಕೆಂಪು ಅಥವಾ ಕಿತ್ತಳೆ. ಕಾರೇ ಕೆಂಪಾಗಿದ್ದರೆ ಹಳದಿ. ಪಕ್ಕದಲ್ಲಿ ಬೇರೆ ಬಣ್ಣದ ಬಾಣದ ಸ್ಟಿಕ್ಕರ್, ಅದರ ತುದಿ ಹುಕ್ಕನ್ನೇ ತೋರಿಸುವಂತೆ. ಪಟ್ಟಿಗೆ ಪೇಂಟ್ ಬಳಿಯಬೇಡಿ, ಅದು ನೂಲನ್ನು ಗಡುಸಾಗಿಸಿ ಒಳಗಿನ ಸವೆತವನ್ನು ಮುಚ್ಚುತ್ತದೆ. ಬಣ್ಣದ ಪಟ್ಟಿಯನ್ನೇ ಕೊಳ್ಳಿ.

ಹಂತ 9: ಮನೆಯಲ್ಲೇ ಎಳೆದು ಪರೀಕ್ಷಿಸಿ

ಸಮತಟ್ಟಾದ, ಜನರಿಲ್ಲದ ಜಾಗ ಬೇಕು. ಇಳಿಜಾರು ಬೇಡ. ಡಾಂಬರಿನ ಮೇಲೆ ನ್ಯೂಟ್ರಲ್‌ನಲ್ಲಿರುವ 1,000 ಕಿಲೋ ಕಾರು ಉರುಳಲು 15 ಕಿಲೋ ಬಲವೇ ಸಾಕು, ಹಾಗಾಗಿ ಬರಿ ಎಳೆದುಕೊಂಡು ಹೋದರೆ ಹುಕ್ಕಿನ ಪರೀಕ್ಷೆಯಾಗುವುದಿಲ್ಲ. ಜಲ್ಲಿಯಲ್ಲಿ ಹೊಟ್ಟೆ ಊರಿದ ಅದೇ ಕಾರಿಗೆ ಹಲವು ನೂರು ಕಿಲೋ ಬೇಕಾಗುತ್ತದೆ. ಎಳೆಸಿಕೊಳ್ಳುವ ಕಾರಿನಲ್ಲಿ ಒಬ್ಬರು ಕೂತು ಕಾಲಿನ ಬ್ರೇಕನ್ನು ನಿಧಾನಕ್ಕೆ ಅದುಮಲಿ, ಎಳೆಯುವ ಕಾರು ಮೊದಲ ಗೇರಿನಲ್ಲಿ ಹಗ್ಗವನ್ನು ಬಿಗಿಗೊಳಿಸಿ ಹಿಡಿದಿರಲಿ. ಜೋರಾಗಿ ಜಗ್ಗಬೇಡಿ. ಹಗ್ಗದ ನಡುವೆ ದಪ್ಪ ಗೋಣಿಚೀಲ ಹೊದಿಸಿ, ಕಡಿದರೆ ಅದು ಹಗ್ಗ ಚಿಮ್ಮುವುದನ್ನು ತಗ್ಗಿಸುತ್ತದೆ. ನೋಡುವವರೆಲ್ಲ ಹಗ್ಗದ ಉದ್ದಕ್ಕಿಂತ ದೂರ ಪಕ್ಕಕ್ಕೆ ನಿಲ್ಲಲಿ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಪರೀಕ್ಷೆಯ ನಂತರ ಮಾರ್ಕರಿನ ಗೆರೆ, ಫಲಕದ ಸುತ್ತಲಿನ ಪೇಂಟ್, ಪಟ್ಟಿಯ ಹೊಲಿಗೆ ನೋಡಿ. ಪೇಂಟಿನಲ್ಲಿ ಕೂದಲೆಳೆಯ ಬಿರುಕು ಮೂಡಿದ್ದರೆ ಕೆಳಗಿನ ತಗಡು ಬಾಗಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ, ಇನ್ನೂ ದೊಡ್ಡ ಫಲಕ ಕೊಟ್ಟು ಮತ್ತೆ ಮಾಡಿ.

ಹಂತ 10: ರಸ್ತೆಯಲ್ಲಿ ಹುಕ್ಕು ಡಿಕ್ಕಿಯೊಳಗಿರಲಿ

ತಿರುಗಿಸಿ ಕೂರಿಸುವ ಹುಕ್ಕನ್ನು ಟ್ರ್ಯಾಕಿನ ಗೇಟು ದಾಟಿದ ಮೇಲೆ ಹಾಕಿ, ಹೊರಡುವ ಮುನ್ನ ತೆಗೆಯಿರಿ. ಬಂಪರಿನಿಂದ ಹೊರಗೆ ಚಾಚಿದ ಉಕ್ಕು ದಾರಿಹೋಕರ ಮೊಣಕಾಲಿಗೋ ಸ್ಕೂಟರಿಗೋ ಮೊದಲು ತಾಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಕಾರಿನ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಇದೇ ಕಲಂ ಆಧಾರದಲ್ಲಿ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಂಪರಿನ ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತ್ತು. ಕಾಯಂ ಚಾಚಿಕೊಂಡಿರುವ ಹುಕ್ಕನ್ನು ಪೊಲೀಸರು ಅದೇ ಕಣ್ಣಿನಿಂದ ನೋಡಿದರೆ ವಾದಕ್ಕೆ ನಿಮ್ಮ ಬಳಿ ಏನೂ ಇರುವುದಿಲ್ಲ. ಹುಕ್ಕು ತೆಗೆದ ಕೂಡಲೇ ಕೊಳವೆಗೆ ಮುಚ್ಚಳ ಹಾಕಿ. ಮುಚ್ಚಳ ಕಳೆದುಹೋಗಿದ್ದರೆ ಅಳತೆಯ ರಬ್ಬರ್ ಬಿರಡೆಯಾದರೂ ತುರುಕಿ, ಮೊದಲ ಘಾಟಿಯ ಮಳೆಗೇ ಒಳಗೆ ಕೆಸರು ತುಂಬುತ್ತದೆ.

ಇನ್ನೊಂದು ಪ್ರಲೋಭನೆ ನಮ್ಮ ಕಡೆಯದೇ. ಅಡಿಕೆ ತೋಟದ ದಾರಿಯಲ್ಲಿ ನೆಂಟರ ಜೀಪು ಹೂತುಕೊಂಡಿರುತ್ತದೆ, ನಿಮ್ಮ ಕಾರಿಗೆ ಹೊಸ ಹುಕ್ಕು ಇರುವುದು ಅವರಿಗೆ ಗೊತ್ತಿರುತ್ತದೆ. ಈ ಹುಕ್ಕು ನಿಮ್ಮ ಕಾರನ್ನು ಎಳೆಸಿಕೊಳ್ಳಲು ಇರುವುದು, ಕೆಸರಿನಿಂದ ಇನ್ನೊಂದು ಗಾಡಿಯನ್ನು ಜಗ್ಗಲು ಅಲ್ಲ. ಸಡಿಲ ಹಗ್ಗದೊಂದಿಗೆ ಓಡಿ ಬಂದು ಜಗ್ಗಿದಾಗ ಬೀಳುವ ಹೊಡೆತ ಗಾಡಿಯ ತೂಕವನ್ನೇ ಮೀರಬಹುದು. ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಹೇಳಿಕಳಿಸಿ.

ಟ್ರ್ಯಾಕಿನಲ್ಲಿ ಎಳೆಸಿಕೊಳ್ಳುವಾಗ

ಮಾರ್ಷಲ್ ಹೇಳುವವರೆಗೆ ಕಾರಿನಿಂದ ಇಳಿಯಬೇಡಿ. ಕೀಲಿ ಆನ್ ಇರಲಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಗೇರು ನ್ಯೂಟ್ರಲ್, ಕೈಬ್ರೇಕ್ ಇಳಿದಿರಲಿ. ಎಂಜಿನ್ ನಿಂತಿದ್ದರೆ ಎರಡು ಮೂರು ಸಲ ಒತ್ತಿದ ನಂತರ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಗಾಬರಿ ಬೇಡ, ಜೋರಾಗಿ ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ಹಗ್ಗ ತೀರಾ ಓರೆಯಾಗಿ ಹೋಗುತ್ತಿದ್ದರೆ ಕೈಸನ್ನೆ ಮಾಡಿ ನಿಲ್ಲಿಸಲು ಕೇಳಿ, ಎಳೆಯುವ ಗಾಡಿ ನಿಮ್ಮ ನೇರಕ್ಕೆ ಬರಲಿ. ಮೂರನೇ ಹಂತದಲ್ಲಿ ಹೇಳಿದ 500 ಕಿಲೋ ಲೆಕ್ಕ ಇಲ್ಲಿ ಅನ್ವಯಿಸುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರುಗಳನ್ನು ಎಷ್ಟು ದೂರ, ಎಷ್ಟು ವೇಗದಲ್ಲಿ ಎಳೆಯಬಹುದು ಎಂಬುದಕ್ಕೆ ಕೈಪಿಡಿಯಲ್ಲಿ ಮಿತಿ ಇರುತ್ತದೆ. ಅದನ್ನು ಹೊರಡುವ ಮೊದಲೇ ಓದಿ ಮಾರ್ಷಲ್‌ಗೆ ತಿಳಿಸಿ.

ಹುಕ್ಕು ಬದಲಿಸಬೇಕು ಎನ್ನುವ ಸೂಚನೆಗಳು

ದಂಡ ಸ್ವಲ್ಪವಾದರೂ ಬಾಗಿದ್ದರೆ ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ, ಹೊಸದು ತನ್ನಿ. ಪಟ್ಟಿಯ ಅಂಚಿನ ನೂಲು ಎದ್ದಿದ್ದರೆ, ಬಣ್ಣ ಬಿಸಿಲಿಗೆ ಬಿಳಿಚಿದ್ದರೆ, ಮುಟ್ಟಿದಾಗ ಗರಿಗರಿ ಎನ್ನಿಸಿದರೆ ಅದರ ಕಾಲ ಮುಗಿಯಿತು. ಮಳೆಗಾಲ ಕಳೆದ ಮೇಲೆ ಬುಡದ ಫಲಕ ಬಿಚ್ಚಿ ನಡುವೆ ನೀರು ನಿಂತು ಪಟ್ಟಿ ಹಾಳಾಗಿಲ್ಲವೇ ನೋಡಿ, ಹೊರಗೆ ಚೆನ್ನಾಗಿ ಕಾಣುವ ಪಟ್ಟಿ ಒಳಗೆ ಕರಿ ಹಿಡಿದಿರುವುದುಂಟು. ಬಿಗಿಯುವಾಗ ಹುಕ್ಕು ಕೊನೆ ಮುಟ್ಟದೆ ಸುತ್ತುತ್ತಲೇ ಇದ್ದರೆ ಥ್ರೆಡ್ ಹೋಗಿದೆ, ಇಲ್ಲವೇ ಕೊಳವೆಯ ಬೆಸುಗೆಯೇ ಬಿಟ್ಟಿದೆ. ಹುಕ್ಕಿನ ಜೊತೆ ಕೊಳವೆಯೂ ತಿರುಗುತ್ತಿದೆಯೇ ಎಂದು ಟಾರ್ಚಿನಲ್ಲಿ ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಥ್ರೆಡ್ ಸ್ವಲ್ಪ ಮಾತ್ರ ಕೆಟ್ಟಿದ್ದರೆ ಅದೇ ಅಳತೆಯ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ ತಿದ್ದಬಹುದು. ಬೆಸುಗೆ ಬಿಟ್ಟಿದ್ದರೆ ಬೀಮ್ ಪೂರ್ತಿ ಬದಲಿಸಬೇಕು, ಅದು ಬರುವವರೆಗೆ ಟ್ರ್ಯಾಕಿನ ಬುಕಿಂಗ್ ಮುಂದೂಡಿ.